ಇಲಿ ಪ್ರಾಣಿಯಲ್ಲವಂತೆ

ಪ್ರಾಣ ಇರುವುದೆಲ್ಲ ಪ್ರಾಣಿ ಎಂದು ಕನ್ನಡ ಭಾಷೆ ಎಂದೋ ತೀರ್ಮಾನಿಸಿ ನಿಶ್ಚಿಂತೆಯಿಂದ ಕುಳಿತಿದೆ. ಅಮೆರಿಕದ ಕಾನೂನಿಗೆ ಆ ನಿಶ್ಚಿಂತೆ ಇಲ್ಲ. ಅಲ್ಲಿನ ಪ್ರಾಣಿ ಕಲ್ಯಾಣ ಕಾಯ್ದೆಯ ಪ್ರಕಾರ ನಾಯಿ ಪ್ರಾಣಿ, ಬೆಕ್ಕು ಪ್ರಾಣಿ, ಕೋತಿ, ಮೊಲ, ಗಿನಿಪಿಗ್, ಹ್ಯಾಮ್‌ಸ್ಟರ್ ಎಲ್ಲವೂ ಪ್ರಾಣಿಗಳೇ; ಆದರೆ ಸಂಶೋಧನೆಗೆಂದೇ ಬೆಳೆಸಿದ ಮಸ್ ಕುಲದ ಸುಂಡಿಲಿ, ರ‍್ಯಾಟಸ್ ಕುಲದ ಇಲಿ ಮತ್ತು ಹಾಗೆಯೇ ಬೆಳೆಸಿದ ಹಕ್ಕಿ ಪ್ರಾಣಿಗಳಲ್ಲ. ಕಾಡಿನಿಂದ ಹಿಡಿದು ತಂದ ಇಲಿಯನ್ನು ಪ್ರಯೋಗಕ್ಕೆ ಬಳಸಿದರೆ ಅದು ಪ್ರಾಣಿಯಾಗಿಯೇ ಉಳಿಯುತ್ತದೆ. ಪ್ರಯೋಗಾಲಯದ ಪಂಜರದಲ್ಲಿ ಹುಟ್ಟಿ, ಅಲ್ಲೇ ಕಣ್ಣು ತೆರೆದು, ಅಲ್ಲೇ ಮುಚ್ಚುವ ಇಲಿ ಮಾತ್ರ ಹುಟ್ಟುವಾಗಲೇ ಈ ಪದವಿಯನ್ನು ಕಳೆದುಕೊಂಡಿರುತ್ತದೆ.

ಕಾನೂನಿನ ಹುಟ್ಟಿಗೆ ಕಾರಣವಾದದ್ದು ಒಂದು ನಾಯಿ. 1965ರಲ್ಲಿ ಪೆಪ್ಪರ್ ಎಂಬ ಡಾಲ್ಮೇಷಿಯನ್ ಕಳುವಾಗಿ, ಕೈಯಿಂದ ಕೈಗೆ ಮಾರಾಟವಾಗಿ, ಕೊನೆಗೆ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಸತ್ತಿತು. ಜನ ಕೆರಳಿದರು, ಮರುವರ್ಷವೇ ಕಾಯ್ದೆ ಬಂತು. 1970ರಲ್ಲಿ ಅದನ್ನು ಬಿಸಿರಕ್ತದ ಜೀವಿಗಳಿಗೆಲ್ಲ ವಿಸ್ತರಿಸಿದಾಗ, ಇಲಿಯ ರಕ್ತವೂ ಬಿಸಿಯೇ ಎಂಬ ಅನನುಕೂಲಕರ ಸಂಗತಿ ಎದುರಾಯಿತು. ಅಧಿಕಾರಿಗಳು ನಿಯಮಗಳಲ್ಲೇ ಇಲಿಯನ್ನು ಹೊರಗಿಟ್ಟರು. ದಶಕಗಳ ಕಾಲ ವಾದವಿವಾದ ನಡೆದು, ಮೊಕದ್ದಮೆಗಳು ಹೂಡಲ್ಪಟ್ಟು, ಕಡೆಗೂ ಇಲಿ ಪ್ರಾಣಿಯಾಗಿಬಿಡುತ್ತದೇನೋ ಎಂಬ ಹೊತ್ತಿಗೆ, 2002ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೃಷಿ ಮಸೂದೆಯೊಳಗೆ ಒಂದು ತಿದ್ದುಪಡಿಯನ್ನು ಸೇರಿಸಿ, ಇಲಿ ಪ್ರಾಣಿಯಲ್ಲ ಎಂಬುದನ್ನು ಕಾಯ್ದೆಯಲ್ಲೇ ಬರೆದು ಹಾಕಲಾಯಿತು. ಬೆಟ್ಟ ಅಗೆದು ಇಲಿ ಹಿಡಿದವರನ್ನು ಗಾದೆ ಗೇಲಿ ಮಾಡುತ್ತದೆ. ಇವರು ಬೆಟ್ಟವನ್ನೂ ಅಗೆದು, ಇಲಿಯನ್ನೂ ಹಿಡಿದು, ಇದು ಇಲಿಯಾದರೂ ಪ್ರಾಣಿಯಲ್ಲ ಎಂದು ಷರಾ ಬರೆದರು.

ಅದೇ 2002ರ ಡಿಸೆಂಬರಿನಲ್ಲಿ ವಿಜ್ಞಾನಿಗಳು ಸುಂಡಿಲಿಯ ಜೀನೋಮನ್ನು, ಅಂದರೆ ಅದರ ಇಡೀ ಆನುವಂಶಿಕ ಲಿಪಿಯನ್ನು, ಪ್ರಕಟಿಸಿದರು. ಅದರ ವಂಶವಾಹಿಗಳಲ್ಲಿ ಸುಮಾರು ಶೇ. 99ಕ್ಕೆ ಮನುಷ್ಯನಲ್ಲಿ ಸಂವಾದಿ ವಂಶವಾಹಿಗಳಿವೆ ಎಂದು ತಿಳಿಯಿತು. ಮೇ ತಿಂಗಳಲ್ಲಿ ಪ್ರಾಣಿಯಲ್ಲದ್ದು ಡಿಸೆಂಬರಿನ ಹೊತ್ತಿಗೆ ಹೆಚ್ಚುಕಡಿಮೆ ಮನುಷ್ಯನೇ ಆಗಿತ್ತು. ಇಷ್ಟು ಶೀಘ್ರವಾದ ಬಡ್ತಿ ಯಾವ ಇಲಾಖೆಯಲ್ಲೂ ಯಾರಿಗೂ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಈ ಎರಡು ಪದವಿಗಳೂ ಒಂದೇ ಗಾಜಿನ ಪಾತ್ರೆಯೊಳಗೆ ಸೇರುವುದನ್ನು ನೋಡಬೇಕಾದರೆ ಖಿನ್ನತೆಯ ಔಷಧಗಳನ್ನು ಪರೀಕ್ಷಿಸುವ ಈಜು ಪರೀಕ್ಷೆಯನ್ನು ನೋಡಬೇಕು. 1977ರಿಂದ ಬಳಕೆಯಲ್ಲಿರುವ ವಿಧಾನವಿದು. ಎತ್ತರದ ಗಾಜಿನ ಕೊಳವೆಯಲ್ಲಿ, ಬಾಲ ತಳಕ್ಕೆ ತಾಗದಷ್ಟು ಆಳಕ್ಕೆ ನೀರು ತುಂಬಿ, ಇಲಿಯನ್ನು ಬಾಲದಿಂದ ಹಿಡಿದು ಒಳಗೆ ಬಿಡುತ್ತಾರೆ. ಅದು ಮುಂಗಾಲುಗಳಿಂದ ಗಾಜನ್ನು ಕೆರೆಯುತ್ತದೆ, ಗೋಡೆಯುದ್ದಕ್ಕೂ ಸುತ್ತುತ್ತದೆ, ಒಮ್ಮೆ ಮುಳುಗಿ ಮತ್ತೆ ಮೇಲೆ ಬರುತ್ತದೆ. ಹಿಡಿದುಕೊಳ್ಳಲು ಏನೂ ಇಲ್ಲವೆಂದು ಖಚಿತವಾದ ಮೇಲೆ, ಮೂಗನ್ನಷ್ಟೇ ನೀರಿನ ಮೇಲಿಟ್ಟು ಅಲುಗಾಡದೆ ತೇಲುತ್ತದೆ. ಒಟ್ಟು ಆರು ನಿಮಿಷ. ಕೊನೆಯ ನಾಲ್ಕು ನಿಮಿಷಗಳಲ್ಲಿ ಎಷ್ಟು ಸೆಕೆಂಡು ಸುಮ್ಮನಿತ್ತು ಎಂಬುದನ್ನು ಗಡಿಯಾರ ಹಿಡಿದು ಬರೆದುಕೊಳ್ಳುತ್ತಾರೆ. ಹಾಗೆ ಸುಮ್ಮನಾಗುವುದಕ್ಕೆ ಈ ವಿಧಾನವನ್ನು ರೂಪಿಸಿದವರು ಕೊಟ್ಟ ಹೆಸರು ‘ಹತಾಶೆ’. ಹೊರಬರುವ ದಾರಿಯಿಲ್ಲದ ಕಡೆ ಕೈಕಾಲು ಬಡಿಯದೆ ಶಕ್ತಿ ಉಳಿಸಿಕೊಳ್ಳುವುದು ಹತಾಶೆಯಲ್ಲ, ಬುದ್ಧಿವಂತಿಕೆ ಎಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಅದೇನೇ ಇರಲಿ, ಮನುಷ್ಯನ ಹತಾಶೆಗೆ ಪ್ರತಿನಿಧಿಯಾಗಿ ನಿಲ್ಲುವಷ್ಟು ಮನಸ್ಸು ಆ ಇಲಿಗಿದೆ ಎಂದು ನಂಬದೆ ಈ ಪರೀಕ್ಷೆ ಒಂದು ಹೆಜ್ಜೆಯೂ ಮುಂದೆ ಹೋಗದು. ಪ್ರಾಣಿಯಾಗುವ ಅರ್ಹತೆ ಇಲ್ಲದ್ದಕ್ಕೆ ಹತಾಶನಾಗುವ ಅರ್ಹತೆಯಂತೂ ಸಿಕ್ಕಿತು. ಬೆಕ್ಕಿಗೆ ಚೆಲ್ಲಾಟವಾದರೆ ಇಲಿಗೆ ಪ್ರಾಣಸಂಕಟವೆನ್ನುತ್ತಾರೆ, ಆದರೆ ಬೆಕ್ಕು ಗಡಿಯಾರ ಹಿಡಿದು ಕೂರುವುದಿಲ್ಲ.

1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ವಿಜ್ಞಾನಿಗಳು ಮೂರು ಸೂತ್ರಗಳನ್ನು ಮುಂದಿಟ್ಟರು: ಸಾಧ್ಯವಾದಲ್ಲಿ ಪ್ರಾಣಿಗಳ ಬದಲು ಬೇರೆ ವಿಧಾನವನ್ನು ಬಳಸಬೇಕು, ಬಳಸಲೇಬೇಕಾದರೆ ಸಂಖ್ಯೆಯನ್ನು ತಗ್ಗಿಸಬೇಕು, ನೋವನ್ನು ಕಡಿಮೆ ಮಾಡುವಂತೆ ವಿಧಾನವನ್ನು ಸುಧಾರಿಸಬೇಕು. ಜಗತ್ತಿನ ನೈತಿಕ ಸಮಿತಿಗಳೆಲ್ಲ ಇವುಗಳನ್ನು ಪಠಿಸುತ್ತವೆ. ಇವುಗಳಲ್ಲಿ ಸಂಖ್ಯೆ ತಗ್ಗಿಸುವುದು ಬಹಳ ಕಷ್ಟವೆಂದು ನಾನು ತಿಳಿದಿದ್ದೆ. ಅಮೆರಿಕದ ಕೃಷಿ ಇಲಾಖೆ ಪ್ರತಿವರ್ಷ ಪ್ರಕಟಿಸುವ ಪ್ರಯೋಗಪ್ರಾಣಿಗಳ ಲೆಕ್ಕವನ್ನು ನೋಡಿದ ಮೇಲೆ ಆ ಕಷ್ಟ ಪರಿಹಾರವಾಯಿತು. ಪ್ರಯೋಗಾಲಯಗಳಲ್ಲಿ ಬಹುಪಾಲು ಇರುವುದೇ ಇಲಿಗಳು. ಇಲಿಗಳು ಪ್ರಾಣಿಗಳಲ್ಲದ್ದರಿಂದ ಅವು ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಒಂದೇ ಒಂದು ಪಂಜರವನ್ನೂ ಖಾಲಿ ಮಾಡದೆ ಸಂಖ್ಯೆಯನ್ನು ತಗ್ಗಿಸಿದಂತಾಯಿತು. ಸರ್ಕಾರದ ಆರೋಗ್ಯ ಅನುದಾನ ಪಡೆಯುವ ಪ್ರಯೋಗಾಲಯಗಳು ಬೇರೊಂದು ನೀತಿಗೆ ಒಳಪಟ್ಟು ಇಲಿಗಳ ಯೋಗಕ್ಷೇಮವನ್ನೂ ನೋಡಿಕೊಳ್ಳಬೇಕಾಗುತ್ತದೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಅಂದರೆ ಇಲಿಯ ಸಂಕಟ ಇಲಿಯನ್ನು ಅವಲಂಬಿಸಿಲ್ಲ, ಅದರ ಯಜಮಾನನಿಗೆ ಹಣ ಎಲ್ಲಿಂದ ಬಂತು ಎಂಬುದನ್ನು ಅವಲಂಬಿಸಿದೆ. ಅತ್ತ ಯುರೋಪಿನ ಒಕ್ಕೂಟ 2010ರ ನಿರ್ದೇಶನದಲ್ಲಿ ಆಕ್ಟೋಪಸ್ಸಿಗೂ ರಕ್ಷಣೆ ಕೊಟ್ಟಿದೆ. ಇಲಿ ಅಟ್ಲಾಂಟಿಕನ್ನು ಈಜಿ ದಾಟಿದರೆ ಅಲ್ಲಿ ಪ್ರಾಣಿಯಾಗಬಹುದು, ಹೇಗೂ ಈಜಿನ ಅಭ್ಯಾಸವಿದೆ.

ನಾನೇನು ಪೆನಿಸಿಲಿನ್ ಬೇಡವೆಂದು ಹಾಸಿಗೆ ಹಿಡಿದವನಲ್ಲ. 1940ರ ಮೇ 25ರಂದು ಆಕ್ಸ್‌ಫರ್ಡಿನಲ್ಲಿ ಎಂಟು ಸುಂಡಿಲಿಗಳಿಗೆ ಮಾರಕ ಬ್ಯಾಕ್ಟೀರಿಯಾ ಚುಚ್ಚಿ, ನಾಲ್ಕಕ್ಕೆ ಮಾತ್ರ ಆ ಔಷಧ ಕೊಟ್ಟರು. ಮರುದಿನ ಬೆಳಿಗ್ಗೆ ಆ ನಾಲ್ಕು ಬದುಕಿದ್ದವು, ಉಳಿದ ನಾಲ್ಕು ಸತ್ತಿದ್ದವು. ಸುಂಡಿಲಿಗಳ ಬದಲು ಗಿನಿಪಿಗ್‌ಗಳನ್ನು ಆರಿಸಿಕೊಂಡಿದ್ದರೆ ಕಥೆ ಬೇರೆಯಾಗುತ್ತಿತ್ತು, ಏಕೆಂದರೆ ಪೆನಿಸಿಲಿನ್ ಗಿನಿಪಿಗ್‌ಗಳಿಗೇ ವಿಷ. ನನ್ನ ಋಣ ಆ ಎಂಟಕ್ಕೂ ಇದೆ. ಎಂಟು ಎಂದು ಹೇಳಲು ಸಾಧ್ಯವಾಗಿರುವುದು ಅಂದು ಯಾರೋ ಅವನ್ನು ಎಣಿಸಿ ಬರೆದಿಟ್ಟದ್ದರಿಂದ.

ಇಂದಿನ ಸಂಶೋಧನಾ ಪ್ರಬಂಧಗಳಲ್ಲಿ ಇಲಿಗಳನ್ನು ಕೊಂದೆವು ಎಂಬ ವಾಕ್ಯ ಅಪರೂಪ. ‘ಬಲಿ ಕೊಡಲಾಯಿತು’ ಎಂದಿರುತ್ತದೆ. ಯಾರು ಕೊಟ್ಟರೆಂಬುದಿಲ್ಲ, ಯಾವ ದೇವರಿಗೆಂದು ಕೇಳುವುದು ಅಧಿಕಪ್ರಸಂಗ. ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ನಡೆಯುವುದು ಕರ್ಮಣಿ ಪ್ರಯೋಗವೇ ಇರಬೇಕು.

ಕೃತಜ್ಞತೆಯೇ ಇಲ್ಲವೆಂದು ಮಾತ್ರ ಯಾರೂ ದೂರುವಂತಿಲ್ಲ. ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ 2013ರಲ್ಲಿ ಪ್ರಯೋಗಾಲಯದ ಇಲಿಗೊಂದು ಪ್ರತಿಮೆ ನಿಲ್ಲಿಸಿದ್ದಾರೆ. ಮೂಗಿನ ಮೇಲೆ ಕನ್ನಡಕ ಇಟ್ಟುಕೊಂಡು, ಅಜ್ಜಿಯಂತೆ ಕಡ್ಡಿ ಹಿಡಿದು, ಅದು ಡಿಎನ್ಎ ಎಳೆಯನ್ನು ಹೆಣೆಯುತ್ತಿದೆ. ಕಂಚಿನದಾದ್ದರಿಂದ ಅದನ್ನು ಪ್ರಾಣಿ ಎಂದು ಕರೆಯಲು ಯಾರ ಆಕ್ಷೇಪಣೆಯೂ ಇರಲಾರದು.