ಮಗುವಿನ ನೆಗಡಿ-ಕೆಮ್ಮಿಗೆ ಪ್ರೊಬಯಾಟಿಕ್: ಕೊಡಬೇಕೆ, ಬೇಡವೆ?

ಪರ: ತಳಿ ನೋಡಿ, ಲೆಕ್ಕ ನೋಡಿ ಕೊಡಿ

ಅಂಗನವಾಡಿ, ಶಾಲೆಗಳ ಬಾಗಿಲು ತೆರೆಯುವ ಹೊತ್ತಿಗೇ ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿಯುತ್ತದೆ. ಒಂದು ಮಗು ಸೀನಿದರೆ ವಾರದೊಳಗೆ ಇಡೀ ಕೋಣೆ ಮೂಗು ಒರೆಸುತ್ತಿರುತ್ತದೆ. ಸಣ್ಣ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾಗುವುದು ಸಹಜ, ಅದರಲ್ಲಿ ಬಹುಪಾಲು ವೈರಸ್ಸಿನದು. ಆದರೂ ಪ್ರತಿ ಸಲ ಮನೆಗೊಂದು ಆ್ಯಂಟಿಬಯಾಟಿಕ್ ಸಿರಪ್ ಬರುತ್ತದೆ. ಆ ಬಾಟಲಿಗಳನ್ನು ಕಡಿಮೆ ಮಾಡುವ ಯಾವ ದಾರಿಯನ್ನೂ ತಳ್ಳಿಹಾಕುವಂತಿಲ್ಲ.

ಪ್ರೊಬಯಾಟಿಕ್ ಎಂದರೆ ಪುಡಿಯಲ್ಲೋ ಹಾಲಿನಲ್ಲೋ ಕೊಡುವ ಜೀವಂತ ಒಳ್ಳೆಯ ಬ್ಯಾಕ್ಟೀರಿಯಾ. ಕರುಳಿನಲ್ಲಿ ಇಂಥ ಬ್ಯಾಕ್ಟೀರಿಯಾ ಅಲ್ಲಿನ ರಕ್ಷಣಾ ಕೋಶಗಳನ್ನು ಪಳಗಿಸುತ್ತವೆ. ಆ ಕೋಶಗಳು ರಕ್ತದಲ್ಲಿ ಹೊರಟು ಮೂಗು, ಗಂಟಲು, ಪುಪ್ಪುಸದ ಒಳಪದರವನ್ನೂ ತಲುಪುತ್ತವೆ. ಇದು ಬರೀ ಊಹೆಯಲ್ಲ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2022ರ ವಿಮರ್ಶೆ ಮಕ್ಕಳು, ದೊಡ್ಡವರ ಮೇಲಿನ 24 ಪ್ರಯೋಗಗಳನ್ನು ಪರಿಶೀಲಿಸಿತು. ಪ್ರೊಬಯಾಟಿಕ್ ತೆಗೆದುಕೊಂಡವರಲ್ಲಿ ಒಮ್ಮೆಯಾದರೂ ಮೂಗು-ಗಂಟಲಿನ ಸೋಂಕು ತಗುಲಿದವರು ಸುಮಾರು ಶೇ 24ರಷ್ಟು ಕಡಿಮೆ. ಕಾಯಿಲೆಯೂ ಒಂದು ದಿನಕ್ಕಿಂತ ತುಸು ಹೆಚ್ಚೇ ಬೇಗ ಮುಗಿದಿತ್ತು. ಆ್ಯಂಟಿಬಯಾಟಿಕ್ ಬಳಕೆಯೂ ಇಳಿದಿತ್ತು.

ಮಕ್ಕಳದ್ದೇ ಬೇಕೆಂದರೆ, 2010ರಲ್ಲಿ ಪ್ರಕಟವಾದ ಕ್ರೊಯೇಷಿಯಾದ ಶಿಶುವಿಹಾರಗಳ ಪ್ರಯೋಗವಿದೆ. 281 ಮಕ್ಕಳಲ್ಲಿ ಒಂದು ಗುಂಪಿಗೆ ಮೂರು ತಿಂಗಳು, ದಿನಕ್ಕೆ 100 ಮಿ.ಲೀ. ಹುದುಗಿಸಿದ ಹಾಲಿನಲ್ಲಿ 100 ಕೋಟಿ ಲ್ಯಾಕ್ಟೊಬ್ಯಾಸಿಲಸ್ ರಾಮ್ನೋಸಸ್ ಜಿಜಿ ಕೊಟ್ಟರು. ಮೂಗು-ಗಂಟಲಿನ ಸೋಂಕಿನ ಅಪಾಯ ಮೂರನೇ ಒಂದರಷ್ಟು ತಗ್ಗಿತು.

ಇಲ್ಲಿ ಕೆಲಸ ಮಾಡಿದ್ದು ಆ ಕೊನೆಯ 'ಜಿಜಿ'. ಅದು ತಳಿಯ ಹೆಸರು. ಪೊಟ್ಟಣದ ಹಿಂಬದಿಯಲ್ಲಿ ತಳಿಯ ಗುರುತಿಲ್ಲದೆ ಬರೀ 'ಲ್ಯಾಕ್ಟಿಕ್ ಆಸಿಡ್ ಬ್ಯಾಸಿಲಸ್' ಎಂದಿದ್ದರೆ ಅದು ಬೇರೆಯೇ ಜೀವಿ. ಗದಗಿನ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಷಟರ್ ಹಿಂದೆ ಬೆಂದ ಪೊಟ್ಟಣದಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಷ್ಟು ಬದುಕಿದ್ದೀತು? ಬೀಜಕ (ಗಟ್ಟಿ ಕವಚದ ಸುಪ್ತ ರೂಪ) ಕಟ್ಟುವ ಬ್ಯಾಸಿಲಸ್ ತಾಳಿಕೊಳ್ಳುತ್ತದೆ, ಲ್ಯಾಕ್ಟೊಬ್ಯಾಸಿಲಸ್ ತಾಳುವುದಿಲ್ಲ. ತಂಪಿನಲ್ಲಿಡಿ ಎಂದು ಬರೆದಿದ್ದರೆ ಫ್ರಿಜ್ಜಿನಿಂದ ತೆಗೆದುಕೊಡುವ ಅಂಗಡಿಯಲ್ಲೇ ಕೊಳ್ಳಿ. ಕುದಿದ ಹಾಲಿಗೆ ಪುಡಿ ಸುರಿದರೆ ಅದು ಅಲ್ಲೇ ಸತ್ತಿತು. ಹೆಪ್ಪು ಹಾಕುವಾಗ ಬೆರಳದ್ದಿ ನೋಡುತ್ತೇವಲ್ಲ, ಆ ಉಗುರುಬೆಚ್ಚಗೆ ಸಾಕು. ಆ್ಯಂಟಿಬಯಾಟಿಕ್ ನಡೆಯುತ್ತಿದ್ದರೆ ಎರಡು ತಾಸು ಬಿಟ್ಟು ಕೊಡಿ. ಮೂಗು ಸೋರಲು ಶುರುವಾದ ಮೇಲೆ ಎರಡು ದಿನ ಕೊಟ್ಟು ನಿಲ್ಲಿಸಿದರೆ ದುಡ್ಡು ದಂಡ. ಮಳೆಗಾಲದುದ್ದಕ್ಕೂ ದಿನ ತಪ್ಪದೆ ಕೊಡಬೇಕು.

ವಿರೋಧ: ಮೊದಲು ಲಸಿಕೆ, ಒಲೆ, ಉಸಿರು

ಅದೇ ಜಿಜಿ ತಳಿಯನ್ನು ಫಿನ್ಲೆಂಡಿನಲ್ಲಿ 571 ಮಕ್ಕಳ ಪ್ರಯೋಗದಲ್ಲಿ ಏಳು ತಿಂಗಳು ಹಾಲಿನಲ್ಲಿ ಕುಡಿಸಿ ನೋಡಿದರು. ಕಾಯಿಲೆಯಿಂದ ಶಿಶುವಿಹಾರ ತಪ್ಪಿಸಿಕೊಂಡದ್ದು ಸರಾಸರಿ 4.9 ದಿನ, ಬರೀ ಹಾಲು ಕುಡಿದವರಲ್ಲಿ 5.8 ದಿನ. ಏಳು ತಿಂಗಳ ಕೊನೆಗೆ ಉಳಿದದ್ದು ಒಂದು ದಿನವೂ ಅಲ್ಲ! ಕ್ರೊಯೇಷಿಯಾದ ಅದೇ ಸಂಶೋಧಕರು ಮುಂದೆ ಬಿಬಿ-12 ಎಂಬ ಇನ್ನೊಂದು ಹೆಸರುವಾಸಿ ತಳಿಯನ್ನು ಪರೀಕ್ಷಿಸಿದಾಗ ಪ್ರಯೋಜನವೇ ಕಾಣಲಿಲ್ಲ. ಕಾಕ್ರೇನ್‌ನವರೂ ತಮ್ಮ ಆಧಾರಗಳಲ್ಲಿ ಹಲವು ದುರ್ಬಲ ಎಂದೇ ಒಪ್ಪಿಕೊಂಡಿದ್ದಾರೆ. ಇನ್ನು 'ಪುಪ್ಪುಸಕ್ಕೂ ಒಳ್ಳೆಯದು' ಎಂಬ ಮಾತು: ಪರವಾದಿಗಳು ಎತ್ತಿ ಹಿಡಿದ 2010ರ ಪ್ರಯೋಗದಲ್ಲೇ ಉಸಿರುನಾಳದ ಕೆಳಭಾಗದ, ಅಂದರೆ ಎದೆಯ ಸೋಂಕು ಕಡಿಮೆಯಾಗಲಿಲ್ಲ.

ಒಡಿಶಾದ ಹಳ್ಳಿಗಳ ಪ್ರಯೋಗವನ್ನು ಹಲವರು ತೋರಿಸುತ್ತಾರೆ. 2017ರಲ್ಲಿ ಪ್ರಕಟವಾದ ಅದು ದೊಡ್ಡ ಕೆಲಸ, ಅನುಮಾನವಿಲ್ಲ: 4,556 ನವಜಾತ ಶಿಶುಗಳು, ಏಳು ದಿನದ ಕೋರ್ಸ್, ನಂಜು ಅಥವಾ ಸಾವು ಶೇ 9ರಿಂದ 5.4ಕ್ಕೆ ಇಳಿಯಿತು, ಉಸಿರಾಟದ ಸೋಂಕೂ ತಗ್ಗಿತು. ಆದರೆ ಅವು ಎದೆಹಾಲು ಕುಡಿಯುವ, ಹುಟ್ಟಿ ಕೆಲವೇ ದಿನವಾದ, ಎರಡು ಕಿಲೋ ಮೀರಿದ ಕೂಸುಗಳು. ಕೊಟ್ಟದ್ದು ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಎಂಬುದರ ಒಂದು ನಿರ್ದಿಷ್ಟ ತಳಿ. ಮೂರು ವರ್ಷದ ಮಗುವಿನ ನೆಗಡಿಗೆ ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಅಂಗಡಿಯಲ್ಲಿ ಸಿಕ್ಕ ಯಾವುದೋ ಪೊಟ್ಟಣಕ್ಕೆ ಅದನ್ನು ಸಾಕ್ಷಿ ಮಾಡುವುದು ಮೋಸ.

ಅಪಾಯ ಅಪರೂಪ, ಆದರೆ ಇದೆ. ದಿನ ತುಂಬದೆ ಹುಟ್ಟಿದ ಮಗುವೊಂದರ ರಕ್ತಕ್ಕೆ ಪ್ರೊಬಯಾಟಿಕ್ ಬ್ಯಾಕ್ಟೀರಿಯಾ ಸೇರಿ ಅದು ತೀರಿಕೊಂಡ ಮೇಲೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ, ರೋಗನಿರೋಧಕ ಶಕ್ತಿ ಕುಂದಿದ, ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡ ಮಕ್ಕಳಿಗೆ ವೈದ್ಯರನ್ನು ಕೇಳದೆ ಮುಟ್ಟಿಸಲೇಬಾರದು.

ನಮ್ಮ ತಕರಾರು ಮುಖ್ಯವಾಗಿ ಗಮನ ಎಲ್ಲಿ ಹೋಗುತ್ತಿದೆ ಎಂಬುದರ ಬಗ್ಗೆ. ಮೂರು ತಿಂಗಳೆಂದರೆ ತೊಂಬತ್ತು ಪೊಟ್ಟಣ. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾ ವಿರುದ್ಧದ ಲಸಿಕೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ: 6 ವಾರ, 14 ವಾರ, 9 ತಿಂಗಳಿಗೆ. ಮೂರನೆಯದನ್ನು ಮರೆತವರು ಪುಡಿ ಮರೆಯದಿದ್ದರೆ ಏನು ಬಂತು? ಹಾವೇರಿಯ ಹಳ್ಳಿಯಲ್ಲಿ ಹತ್ತಿಕಟ್ಟಿಗೆ ಉರಿಸಿ ರೊಟ್ಟಿ ಬಡಿಯುವಾಗ ಕೂಸನ್ನು ಒಲೆಯ ಪಕ್ಕದಿಂದ ಪಡಸಾಲೆಗೆ ಸರಿಸುವುದಕ್ಕೂ ದುಡ್ಡು ಬೇಡ. ನೆಗಡಿಯಲ್ಲಿ ಮೊಸರು ಬೇಡ ಎನ್ನುವ ಮನೆಯಲ್ಲೇ ಮೊಸರಿನದೇ ಬಂಧುವನ್ನು ಔಷಧವೆಂದು ಕೊಳ್ಳುವುದು ಬೇರೆ ತಮಾಷೆ. ಆರು ತಿಂಗಳು ದಾಟಿದ ಮಗುವಿಗೆ ನೆಗಡಿಯಿದ್ದರೂ ಮನೆಯ ಮೊಸರನ್ನ ಧಾರಾಳವಾಗಿ ಉಣಿಸಬಹುದು.

ಪುಡಿ ಕೊಟ್ಟಿದ್ದೇವೆ, ನಾಳೆ ನೋಡೋಣ ಎಂದು ರಾತ್ರಿ ಕಳೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ನ್ಯುಮೋನಿಯಾವನ್ನು ಪ್ರೊಬಯಾಟಿಕ್ ವಾಸಿ ಮಾಡುವುದಿಲ್ಲ. ಅಂಗಿ ಮೇಲೆತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಹೊಟ್ಟೆ ಏರಿಳಿಯುವುದನ್ನು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟಾದರೆ ಅಥವಾ ಮೀರಿದರೆ, ಇಲ್ಲವೇ ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಬೆಳಗಿನವರೆಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಹೊರಡಿ. ಅಳುವ ಮಗುವಿನ ಎಣಿಕೆ ತಪ್ಪುತ್ತದೆ. ಸಮಾಧಾನಪಡಿಸಿ ಮತ್ತೊಮ್ಮೆ ಎಣಿಸಿ. ಗುಳಿ ಕಂಡರೆ ಎಣಿಸುತ್ತ ಕೂರಬೇಡಿ.