ತಲಾಖ್ ಮಧ್ಯೆ ನಮಾಝ್ ಯಾಕೆ ಬಂತು?

"ಕುರ್‌ಆನ್ ವಿಷಯದಿಂದ ವಿಷಯಕ್ಕೆ ಹಾರುತ್ತೆ, ಒಂದಕ್ಕೊಂದು ಸಂಬಂಧವೇ ಇಲ್ಲ" ಅನ್ನೋ ಕಾಮೆಂಟ್ ಇವತ್ತು ಮತ್ತೆ ಕಣ್ಣಿಗೆ ಬಿತ್ತು. ಸಾಕ್ಷಿಗೆ ಕುರ್‌ಆನ್‌ನ ಎರಡನೇ ಅಧ್ಯಾಯ ಅಲ್ ಬಕರಃದ 238ನೇ ಸೂಕ್ತ. ತಲಾಖ್ ಕಾನೂನಿನ ನಡುವೆ ನಮಾಝ್ ಎಲ್ಲಿಂದ ಬಂತು ಅಂತ ಪ್ರಶ್ನೆ. ನಿಜಕ್ಕೂ ಸಿಟ್ಟು ಬಂತು. ಹಿಂದಿನ ಸೂಕ್ತವನ್ನೇ ಓದದೆ ಕೇಳುವ ಪ್ರಶ್ನೆ ಇದು.

226ರಿಂದ ಓದಿಕೊಂಡು ಬನ್ನಿ. ಹೆಂಡತಿಯ ಹತ್ತಿರ ಹೋಗಲ್ಲ ಅಂತ ಆಣೆ ಇಟ್ಟವನಿಗೆ ನಾಲ್ಕು ತಿಂಗಳ ಗಡುವು. 229ರಲ್ಲಿ ತಲಾಖ್ ಎರಡು ಸಲ, ಆಮೇಲೆ ಇಟ್ಟುಕೊಂಡರೂ ಬಿಟ್ಟರೂ ಮರ್ಯಾದೆಯಿಂದ. 233ರಲ್ಲಿ ಮಗುವಿಗೆ ಎರಡು ವರ್ಷ ಎದೆಹಾಲು, ತಾಯಿಯ ಖರ್ಚು ಅಪ್ಪನದು. 234ರಲ್ಲಿ ವಿಧವೆಯ ಇದ್ದತ್, ಅಂದರೆ ಮರುಮದುವೆಗೆ ಮುಂಚೆ ಕಾಯಬೇಕಾದ ಅವಧಿ, ನಾಲ್ಕು ತಿಂಗಳು ಹತ್ತು ದಿನ. 237ರಲ್ಲಿ, ಕೂಡುವ ಮೊದಲೇ ತಲಾಖ್ ಆದರೆ ಗೊತ್ತುಮಾಡಿದ ಮಹರ್‌ನ (ಗಂಡ ಹೆಂಡತಿಗೆ ಕೊಡಬೇಕಾದ ವಧುಧನದ) ಅರ್ಧ. ಆದರೆ ಬಿಟ್ಟುಕೊಡುವುದೇ ತಖ್ವಾಗೆ (ದೇವಭಯಕ್ಕೆ) ಹತ್ತಿರ, ಒಬ್ಬರಿಗೊಬ್ಬರು ಔದಾರ್ಯ ತೋರುವುದನ್ನು ಮರೆಯಬೇಡಿ. ಈ ಮಾತಿನ ಬೆನ್ನಿಗೇ 238: ನಮಾಝ್‌ಗಳನ್ನು ಕಾಪಾಡಿಕೊಳ್ಳಿ.

ಮುನಿಸಿಕೊಂಡು ಬೇರೆಯಾಗುತ್ತಿರುವವರಿಗೆ ಔದಾರ್ಯ ಎಲ್ಲಿಂದ ಬರಬೇಕು? ಅರ್ಧ ಮಹರ್ ಎಷ್ಟು ಅಂತ ಖಾಝಿ ಲೆಕ್ಕ ಹಾಕಿ ಕೊಡಿಸಬಹುದು. ಬಿಟ್ಟುಕೊಡುವ ಮನಸ್ಸನ್ನು ಯಾವ ಖಾಝಿಯೂ ಕೊಡಿಸಲಾರ. ಅದಕ್ಕೆ ದಿನಕ್ಕೆ ಐದು ಸಲ ಅಲ್ಲಾಹನ ಮುಂದೆ ನಿಂತು ಅಭ್ಯಾಸವಿರಬೇಕು. 239 ಇನ್ನೂ ಮುಂದೆ ಹೋಗಿ, ಭಯದ ಹೊತ್ತಲ್ಲಿ ನಡೆಯುತ್ತಲೋ ಸವಾರಿಯಲ್ಲೋ ಆದರೂ ಮಾಡಿ ಅನ್ನುತ್ತೆ. ಜೀವಭಯದಲ್ಲೂ ಬಿಡಬಾರದ್ದನ್ನು ಮನೆ ಒಡೆಯುವ ಗದ್ದಲದಲ್ಲಿ ಬಿಡಬಹುದೇ? ಮುಂದೆ 241ರಲ್ಲಿ ತಲಾಖ್ ಆದವಳ ಜೀವನಾಂಶ. ಅದನ್ನೂ ತಖ್ವಾ ಇರುವವರ ಹೊಣೆ ಅಂತಲೇ ಹೇಳಿದೆ.

23 ವರ್ಷ ಬಿಡಿಬಿಡಿಯಾಗಿ ಇಳಿದದ್ದರಲ್ಲಿ ಜೋಡಣೆ ಹುಡುಕುವುದು ಬಲವಂತ ಅಂತ ಯಮನ್‌ನ ಶೌಕಾನಿಯಂಥ ದೊಡ್ಡ ವಿದ್ವಾಂಸರೇ ಆಕ್ಷೇಪಿಸಿದ್ದುಂಟು. ಕೆಲವರು ಎಳೆದು ತಂದು ಸಂಬಂಧ ಕಟ್ಟಿದ್ದೂ ನಿಜ. ಆದರೆ ಇಳಿದ ಕ್ರಮವೇ ಬೇರೆ, ಓದುವ ಕ್ರಮವೇ ಬೇರೆ. ಯಾವ ಸೂಕ್ತ ಎಲ್ಲಿ ಸೇರಬೇಕು ಅಂತ ಪ್ರವಾದಿಯವರೇ (ಸ) ಹೇಳಿ ಬರೆಸುತ್ತಿದ್ದರು ಅನ್ನುವುದು ಉಲಮಾಗಳು (ಧರ್ಮ ವಿದ್ವಾಂಸರು) ಸಾಮಾನ್ಯವಾಗಿ ಒಪ್ಪುವ ಮಾತು. ಹಾಗಿದ್ದ ಮೇಲೆ ಇಲ್ಲೇ ಯಾಕೆ ಅಂತ ಕೇಳದೆ ಇರುವುದು ಹೇಗೆ? ಕುರ್‌ಆನ್ ವ್ಯಾಖ್ಯಾನಕಾರರಾದ 15ನೇ ಶತಮಾನದ ಬಿಕಾಈ, ನಮ್ಮ ಕಾಲಕ್ಕೆ ಹತ್ತಿರದ ಆಝಮ್‌ಗಢದ ಫರಾಹಿ, ಅವರ ಶಿಷ್ಯ ಇಸ್ಲಾಹಿ ವರ್ಷಗಟ್ಟಲೆ ಕೂತು ಕೇಳಿದ್ದು ಇದನ್ನೇ.

ಅವರ ತಫ್ಸೀರ್ (ವ್ಯಾಖ್ಯಾನ) ಓದಲು ಆಗದಿದ್ದರೆ, ನಮ್ಮ ಕಡೆ ಸಿಗುವ ಮುಸ್‌ಹಫ್‌ನ (ಕುರ್‌ಆನ್ ಪ್ರತಿಯ) ಅಂಚಾದರೂ ನೋಡಿ. 242ರ ಪಕ್ಕದ 'ಐನ್' ಅನ್ನೋ ಅರಬಿ ಅಕ್ಷರದ ಗುರುತಿನ ಮೇಲೆ 31, ನಡುವೆ 7. ಅಂದರೆ ಈ ಅಧ್ಯಾಯದ 31ನೇ ರುಕೂ (ಓದಲು ಮಾಡಿದ ಭಾಗ), ಏಳು ಸೂಕ್ತ, 236ರಿಂದ 242. ಮಹರ್, ನಮಾಝ್, ಜೀವನಾಂಶ ಮೂರನ್ನೂ ಹಿರಿಯರು ಒಂದೇ ರುಕೂನಲ್ಲಿ ಇಟ್ಟಿದ್ದಾರೆ. ಟೀಕೆ ಮಾಡುವವರು ಕಡೇಪಕ್ಷ ಅಷ್ಟನ್ನು ಓದಿ ಮುಗಿಸಿ ಬರಲಿ.