ಪತ್ತೇದಾರಿಗೂ ಸಾಮಾಜಿಕ ಕಾದಂಬರಿಗೂ ಒಂದೇ ಅಳತೆಗೋಲು ಸಾಕೇ?

ಪರ: ಗೋಲು ಒಂದೇ ಇರಲಿ

ಕೆಲವು ವರ್ಷಗಳ ಹಿಂದೆ ಒಂದು ಕಥಾಸ್ಪರ್ಧೆಗೆ ತೀರ್ಪುಗಾರಳಾಗಿ ಹೋಗಿದ್ದೆ. ಕೊನೆಯ ಸುತ್ತಿಗೆ ಬಂದ ಕತೆಗಳಲ್ಲಿ ಒಂದು ಕೊಲೆಯ ಕತೆ ಇತ್ತು. ಬಡ್ಡಿ ವ್ಯವಹಾರ ಮಾಡುವವನೊಬ್ಬ ಸತ್ತು ಬಿದ್ದಿದ್ದಾನೆ. ವಿಚಾರಣೆಗೆ ಅಂತ ಪೊಲೀಸರು ಒಂದು ಮನೆಗೆ ಬರುತ್ತಾರೆ. ಬಂದವರು ನಾಲ್ಕು ಜನ. ಮನೆಯಾಕೆ ಐದು ಲೋಟ ಟೀ ತರುತ್ತಾಳೆ. ಯಾರೂ ಏನೂ ಕೇಳುವುದಿಲ್ಲ. ಆಕೆಯೇ ಒಂದು ಕ್ಷಣ ಆ ಐದನೇ ಲೋಟ ನೋಡಿ, ಸುಮ್ನೆ ಒಳಗೆ ತೆಗೆದುಕೊಂಡು ಹೋಗುತ್ತಾಳೆ. ಸತ್ತವನು ದಿನಾ ಅದೇ ಹೊತ್ತಿಗೆ ವಸೂಲಿಗೆ ಬಂದು, ಅಲ್ಲೇ ಕೂತು ಟೀ ಕುಡಿದು ಹೋಗುತ್ತಿದ್ದ ಅನ್ನುವುದು ನಮಗೆ ಗೊತ್ತಾಗುವುದು ಎರಡು ಪುಟ ಕಳೆದ ಮೇಲೆ.

ಜೊತೆಗಿದ್ದ ಹಿರಿಯರು ಓದಿ, "ಚೆನ್ನಾಗಿದೆ, ಆದ್ರೆ ಪತ್ತೇದಾರಿ ಅಲ್ವಾ" ಅಂದು ಪಕ್ಕಕ್ಕಿಟ್ಟರು. ಬಹುಮಾನ ಬೇರೆ ಕತೆಗೆ ಹೋಯಿತು. ಆ ದಿನ ನಾನು ಜಾಸ್ತಿ ವಾದ ಮಾಡಲಿಲ್ಲ. ಅದು ಇವತ್ತಿಗೂ ಕೊರೆಯುತ್ತದೆ.

"ಪತ್ತೇದಾರಿ ಅಲ್ವಾ" ಅನ್ನುವ ಈ ಮಾತನ್ನು ಎರಡು ಕಡೆಯಿಂದ ಕೇಳಿದ್ದೇನೆ. ಒಂದು, ಒಳ್ಳೆಯ ಕತೆಯನ್ನು ಕೆಳಗಿಡಲು. ಇನ್ನೊಂದು, ಕೆಟ್ಟ ಕತೆಯನ್ನು ಕ್ಷಮಿಸಲು. "ಭಾಷೆ ಸ್ವಲ್ಪ ಒರಟು, ಪಾತ್ರಗಳಿಗೆ ಜೀವ ಇಲ್ಲ, ಆದರೂ ಪತ್ತೇದಾರಿ ಅಲ್ವಾ, ಅಷ್ಟು ಸಾಕು." ನನಗೆ ಈ ಎರಡನೆಯದು ಇನ್ನೂ ದೊಡ್ಡ ಅವಮಾನ ಅನಿಸುತ್ತದೆ. ಬೇರೆ ಅಳತೆಗೋಲು ಅಂತ ನಾವು ಹೇಳುವುದು ಬಹಳ ಸಲ ಚಿಕ್ಕ ಅಳತೆಗೋಲನ್ನೇ. ಓದುಗ ಕೊಡುವುದು ಅದೇ ದುಡ್ಡು, ಅದೇ ಸಮಯ. ಅವನಿಗೆ ಸಿಗಬೇಕಾದ್ದು ಮಾತ್ರ ಕಡಿಮೆ ಯಾಕೆ?

ಈ ಪೆಟ್ಟಿಗೆಗಳನ್ನು ಮಾಡಿದವರು ಯಾರು ಅನ್ನುವುದನ್ನೂ ನೋಡಬೇಕು. ತ್ರಿವೇಣಿ, ಎಂ.ಕೆ. ಇಂದಿರಾ ಬರೆಯುತ್ತಿದ್ದ ಕಾಲದಲ್ಲೂ ಆಮೇಲೂ 'ಮಹಿಳಾ ಸಾಹಿತ್ಯ' ಅನ್ನುವ ಪೆಟ್ಟಿಗೆ ಇತ್ತು. ಅಡುಗೆಮನೆ ಸಾಹಿತ್ಯ ಅಂತ ಮೂಗು ಮುರಿದವರೂ ಇದ್ದರು. ಮನಸ್ಸಿನ ಕಾಯಿಲೆಯನ್ನು ತ್ರಿವೇಣಿಯವರು ಎಷ್ಟು ಧೈರ್ಯವಾಗಿ ಬರೆದರು! ಅದನ್ನು ಬೇರೆಲ್ಲ ಕಾದಂಬರಿಗಳ ಪಕ್ಕದಲ್ಲಿಟ್ಟು ಓದುವ ಕೆಲಸ ಎಷ್ಟು ತಡವಾಗಿ ಶುರುವಾಯಿತು. ಪೆಟ್ಟಿಗೆ ಲೇಖಕರ ಹೆಸರು ನೋಡಿಕೊಂಡೇ ತೆರೆಯುತ್ತದೆ, ಮುಚ್ಚುತ್ತದೆ. ಭೈರಪ್ಪನವರ 'ಯಾನ' 2014ರಲ್ಲಿ ಬಂತು. ಅದು ಬಾಹ್ಯಾಕಾಶದಲ್ಲಿ ನಡೆಯುವ ಕತೆ. ಅದನ್ನು ವಿಜ್ಞಾನ ಕಾದಂಬರಿಗಳ ಸಾಲಿನಲ್ಲಿ ಇಟ್ಟವರು ಕಡಿಮೆ, ಭೈರಪ್ಪನವರ ಸಾಲಿನಲ್ಲೇ ಇಟ್ಟರು. ಹೊಸ ಹುಡುಗ ಒಬ್ಬ ಅದೇ ವಸ್ತು ಹಿಡಿದು ಬರೆದಿದ್ದರೆ ಏನಾಗುತ್ತಿತ್ತು?

ಅಮಿತಾವ್ ಘೋಷ್ ಅವರ 'ದ ಕಲ್ಕತ್ತಾ ಕ್ರೋಮೋಸೋಮ್' ಮಲೇರಿಯಾ ಸಂಶೋಧನೆಯ ಸುತ್ತ ಹೆಣೆದ ಕಾದಂಬರಿ. ಅದಕ್ಕೆ 1997ರಲ್ಲಿ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿ ಬಂತು. ಅದು ವಿಜ್ಞಾನ ಕಾದಂಬರಿಗೆ ಕೊಡುವ ಪ್ರಶಸ್ತಿ. ಅದೇ ಲೇಖಕರಿಗೆ 2018ನೇ ಸಾಲಿನ ಜ್ಞಾನಪೀಠವೂ ಬಂತು. ನಡುವೆ, 2016ರಲ್ಲಿ, ಹವಾಮಾನ ಬದಲಾವಣೆಯ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ಒಂದು ಮಾತು ಎತ್ತಿದರು. ಕಾದಂಬರಿಯೊಳಗೆ ಹವಾಮಾನದ ವಿಕೋಪ ಬಂದ ಕೂಡಲೇ ಅದನ್ನು ವಿಜ್ಞಾನ ಕತೆಯ ಕಡೆಗೆ ತಳ್ಳಿಬಿಡುತ್ತೇವೆ ಅನ್ನುವುದು ಆ ಮಾತು. ನಮ್ಮ ಕಣ್ಣೆದುರೇ ನಡೆಯುತ್ತಿರುವ ವಿಷಯಕ್ಕೆ 'ಗಂಭೀರ' ಕಾದಂಬರಿಯಲ್ಲಿ ಜಾಗ ಇಲ್ಲ ಅಂತಾದರೆ ನಷ್ಟ ಯಾರಿಗೆ?

ಒಂದೇ ಗೋಲು ಅಂದರೆ ಅದು ಎರಡೂ ಕಡೆ ಅಳೆಯಬೇಕು. ಗಂಭೀರ ಕಾದಂಬರಿಯನ್ನೂ ಕೇಳಬೇಕು, ಮುಂದಿನ ಪುಟ ತಿರುಗಿಸಲು ಯಾಕೆ ಮನಸ್ಸು ಬರುತ್ತಿಲ್ಲ ಅಂತ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಚಿಕ್ಕ ಪುಸ್ತಕ, ಒಂದು ಮನೆಯ ಕತೆ. ಅಲ್ಲಿ ಪತ್ತೇದಾರ ಇಲ್ಲ. ಆದರೂ ಕೊನೆಯ ಪುಟಗಳಲ್ಲಿ ಎದೆ ಝಲ್ ಅನ್ನುತ್ತದೆ. ಇರುವೆ ಕೊಲ್ಲುವ ಮಾತು ಮೊದಲೇ ಬಂದಿರುತ್ತದೆ, ಅದು ಆಗ ನೆನಪಾಗುತ್ತದೆ. ಒಳ್ಳೆಯ ಪತ್ತೇದಾರಿ ಲೇಖಕ ಮಾಡುವ ಕೆಲಸವೇ ಇದು.

ತೇಜಸ್ವಿಯವರ 'ಚಿದಂಬರ ರಹಸ್ಯ'ವನ್ನು ಮರೆಯುವ ಹಾಗಿಲ್ಲ. ಏಲಕ್ಕಿ ವಿಜ್ಞಾನಿಯ ಸಾವು, ಅದರ ಹಿಂದೆ ಬಿದ್ದ ಗುಪ್ತಚರ ಅಧಿಕಾರಿ. ಇಷ್ಟು ಹೇಳಿದರೆ ಯಾರಾದರೂ ಪತ್ತೇದಾರಿ ಅನ್ನುತ್ತಾರೆ. 1987ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಸಮಿತಿ ಅದನ್ನು ಒಂದು ಕಾದಂಬರಿ ಅಂತ ಓದಿತು, ಅಷ್ಟೇ. ನಮ್ಮ ಸ್ಪರ್ಧೆಯ ಆ ಕತೆಗೂ ನಾನು ಕೇಳುತ್ತಿರುವುದು ಅಷ್ಟನ್ನೇ.

ವಿರೋಧ: ಬೇರೆ ಬೇರೆ ಗೋಲು ಬೇಕು

ನಮ್ಮ ಅತ್ತೆ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ಇಡುತ್ತಿದ್ದರು. ಇಪ್ಪತ್ತು, ಮೂವತ್ತು ವಾರದ ಪುಟ ಸೇರಿದ ಮೇಲೆ ದಬ್ಬಳದಲ್ಲಿ ತೂತು ಮಾಡಿ, ಗೋಣಿ ದಾರದಲ್ಲಿ ಹೊಲಿದು, ಹಳೆಯ ಕ್ಯಾಲೆಂಡರಿನ ಹಾಳೆಯನ್ನು ರಟ್ಟಿನ ಮೇಲೆ ಅಂಟಿಸಿ ಹೊದಿಕೆ ಮಾಡುತ್ತಿದ್ದರು. ಒಂದು ವಾರದ ಕಂತು ತಪ್ಪಿದ್ದರೆ ಆ ಜಾಗದಲ್ಲಿ ಖಾಲಿ ಹಾಳೆ ಇಟ್ಟು, ಪಕ್ಕದ ಮನೆಯವರಿಂದ ಕೇಳಿಕೊಂಡ ಕತೆಯನ್ನು ಪೆನ್ಸಿಲ್ಲಿನಲ್ಲಿ ಬರೆದಿಡುತ್ತಿದ್ದರು. ನಾನು ಓದು ಕಲಿತದ್ದು ಆ ಪುಸ್ತಕಗಳಲ್ಲಿ.

ಮುಂದೆ ಕಾಲೇಜಿಗೆ ಹೋದಾಗ ಅವನ್ನೇ ತಿರುಗಿ ಓದಿದೆ. ಪ್ರತಿ ಹತ್ತು ಪುಟಕ್ಕೊಮ್ಮೆ ಯಾರೋ ಕಿಟಾರನೆ ಕಿರುಚುತ್ತಾರೆ, ಬಾಗಿಲು ತೆರೆಯುತ್ತದೆ, ಪತ್ರ ಬರುತ್ತದೆ. ಅಯ್ಯೋ, ಎಷ್ಟು ಕೃತಕ ಅನಿಸಿತು. ಬಹಳ ದಿನದ ಮೇಲೆ ಹೊಳೆಯಿತು. ಆ ಕಿರುಚಾಟ ಬರುವುದು ಕಂತು ಮುಗಿಯುವ ಕಡೆ. ಅದನ್ನು ಓದಿದವರು ಏಳು ದಿನ ಕಾಯುತ್ತಿದ್ದರು. ನಾನು ಒಂದೇ ಮಧ್ಯಾಹ್ನ ಮೂವತ್ತು ವಾರ ಓದಿ ಮುಗಿಸಿ, ತಪ್ಪು ಲೇಖಕರದ್ದು ಅಂದೆ. ನನ್ನ ಅಳತೆಯೇ ತಪ್ಪಿತ್ತು.

ಪರ ಬರೆದವರ ನೋವು ನನಗೆ ಅರ್ಥವಾಗುತ್ತದೆ. 'ಬೇರೆ' ಅಂದರೆ 'ಕಡಿಮೆ' ಅಂತ ಆಗಬಾರದು, ಅದನ್ನು ಒಪ್ಪುತ್ತೇನೆ. ಆದರೆ ಅವರು ಹೇಳುವ ಆ ಒಂದು ಗೋಲು ಎಲ್ಲಿಂದ ಬಂತು? ಪಾತ್ರದ ಒಳಮನಸ್ಸು, ವಾಕ್ಯದ ನಯ, ಸಮಾಜದ ಚಿತ್ರ. ಇವೆಲ್ಲ ಸಾಮಾಜಿಕ ಕಾದಂಬರಿಯ ಗುಣಗಳು. ಅದರದ್ದೇ ಗೋಲನ್ನು ಎಲ್ಲರದ್ದೂ ಅಂದುಕೊಂಡು ಅಳೆದರೆ ಗೆಲ್ಲುವುದು ಅದೇ ತಾನೆ?

ಪ್ರಶಸ್ತಿಗಳಲ್ಲೇ ಇದು ಕಾಣುತ್ತದೆ. ಬಾನು ಮುಷ್ತಾಕ್ ಅವರ 12 ಕತೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರ ಅಂತಾರಾಷ್ಟ್ರೀಯ ಬೂಕರ್ ಬಂತು. ಕನ್ನಡಕ್ಕೆ ಮೊದಲ ಸಲ ಅಂತ ನಾವೆಲ್ಲ ಕುಣಿದಾಡಿದೆವು. ಇನ್ನೊಂದು ಮೊದಲೂ ಅದರಲ್ಲಿತ್ತು. ಸಣ್ಣಕತೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದದ್ದೂ ಅದೇ ಮೊದಲು. ಕಾದಂಬರಿ, ಸಣ್ಣಕತೆ ಎರಡಕ್ಕೂ ಬಾಗಿಲು ತೆರೆದೇ ಇತ್ತು. ಆದರೂ ಸಣ್ಣಕತೆ ಒಳಗೆ ಹೋಗಲು ಅಷ್ಟು ಹೊತ್ತು ಹಿಡಿಯಿತು. ಗೋಲು ಒಂದೇ ಅಂದಾಗ ಅದು ಕಾದಂಬರಿಯಷ್ಟು ಉದ್ದ ಇರುತ್ತದೆ.

ನಮ್ಮಲ್ಲಿ ಎನ್. ನರಸಿಂಹಯ್ಯ ಅಂತ ಒಬ್ಬರಿದ್ದರು. ಶಾಲೆಯ ಓದು ನಾಲ್ಕನೇ ಕ್ಲಾಸಿನವರೆಗೆ. ಬರೆದದ್ದು ಐನೂರಕ್ಕೂ ಜಾಸ್ತಿ ಕಾದಂಬರಿ. ಪತ್ತೇದಾರ ಪುರುಷೋತ್ತಮನ ಹೆಸರು ಹೇಳಿದರೆ ಹಳಬರ ಮುಖ ಈಗಲೂ ಅರಳುತ್ತದೆ. ಈಗಷ್ಟೇ ಅಕ್ಷರ ಕಲಿತವರು ಒಂದೇ ಬೈಠಕ್ಕಿನಲ್ಲಿ ಒಂದು ಇಡೀ ಪುಸ್ತಕ ಓದಿ ಮುಗಿಸುವ ಹಾಗೆ ಬರೆಯುವುದು ಸುಲಭವಾ? ಆ ವಿದ್ಯೆಗೆ ಸಾಮಾಜಿಕ ಕಾದಂಬರಿಯ ಗೋಲಿನಲ್ಲಿ ಗೆರೆಯೇ ಇಲ್ಲ.

ಕೆ.ಎನ್. ಗಣೇಶಯ್ಯನವರನ್ನು ನೋಡಿ. ಅವರು ಕೃಷಿ ವಿಜ್ಞಾನಿ. ಇತಿಹಾಸದ ಗುಟ್ಟು ಹಿಡಿದು ಓಡುವ ಕಾದಂಬರಿಗಳನ್ನು ಬರೆಯುತ್ತಾರೆ. ಕತೆಯ ನಡುವೆಯೇ ಆಕರಗಳನ್ನು ಕೊಡುತ್ತಾರೆ. ಬೇರೆ ಕಾದಂಬರಿಯಲ್ಲಿ ಹಾಗೆ ಮಾಡಿದರೆ ಓದಿನ ನಡುವೆ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಇಲ್ಲಿ ಆ ಆಕರವೇ ರೋಮಾಂಚನ. ಇದು ನಿಜವಾಗಿ ಇದೆಯಾ, ಈ ಶಾಸನ ಎಲ್ಲಿದೆ ಅಂತ ಓದುಗ ಪುಸ್ತಕ ಮುಚ್ಚಿ ಹುಡುಕಲು ಶುರು ಮಾಡುತ್ತಾನೆ. ಪಾತ್ರಗಳು ತೆಳು ಅನ್ನುವ ದೂರು ಇದ್ದೇ ಇದೆ, ನನಗೂ ಕೆಲವು ಕಡೆ ಹಾಗೆ ಅನಿಸಿದೆ. ಆದರೆ ಅಲ್ಲಿ ಮೊದಲು ಕೇಳಬೇಕಾದ್ದು ಬೇರೆ. ಗುಟ್ಟು ಬಿಚ್ಚಿಕೊಂಡಾಗ ಹಿಂದಿನ ಸುಳಿವುಗಳೆಲ್ಲ ಸರಿಯಾಗಿ ಕೂರುತ್ತವಾ?

ಸುಳಿವು ಇಡುವುದೇ ಒಂದು ಕಸುಬು. "ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಒದ್ದೆ ಕೊಡೆ, ಗೋಡೆಯ ಮೇಲೆ ನಿಂತುಹೋದ ಗಡಿಯಾರ." ನಿಂತ ಗಡಿಯಾರ ನೋಡಿದ ಕೂಡಲೇ ಓದುಗ ಅದನ್ನೇ ಹಿಡಿದುಕೊಳ್ಳುತ್ತಾನೆ. ಅವನ ಕಣ್ಣು ಅಲ್ಲಿಗೆ ಹೋಗಲಿ ಅಂತಲೇ ಅದನ್ನು ಕೊನೆಗೆ ಇಟ್ಟಿರುವುದು. ಬೇಕಾದ್ದು ಕೊಡೆ. ಅದು ಎದುರಿಗೇ ಇರಬೇಕು, ಕಾಣಬಾರದು. ಈ ವಾಕ್ಯಕ್ಕೆ ಕಾವ್ಯದ ನಯ ಬಂದರೆ ಓದುಗ ನಿಂತುಬಿಡುತ್ತಾನೆ, ಕೊಡೆ ಸಿಕ್ಕಿಬೀಳುತ್ತದೆ. ಅಂದರೆ ಇಲ್ಲಿ ಸಪ್ಪೆಯಾಗಿರುವುದೇ ಜಾಣತನ. ಇದನ್ನು ನಯದ ಗೋಲಿನಲ್ಲಿ ಅಳೆದರೆ ಸೊನ್ನೆ ಬರುತ್ತದೆ.

'ಚಿದಂಬರ ರಹಸ್ಯ'ದ ಮಾತು ಬಂತಲ್ಲ. ಸಮಿತಿ ಅದನ್ನು ಬರೀ ಕಾದಂಬರಿ ಅಂತ ಓದಿತು ಅನ್ನುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಒಂದು ಸಾವು, ಒಬ್ಬ ಅಧಿಕಾರಿ ಅಂತ ಶುರುವಾದಾಗ ನಾವು ಉತ್ತರಕ್ಕೆ ಕಾಯುತ್ತೇವೆ. ಅದು ಪತ್ತೇದಾರಿ ನಮಗೆ ಕಲಿಸಿದ ಅಭ್ಯಾಸ. ತೇಜಸ್ವಿ ಆ ಕಾಯುವಿಕೆಯನ್ನು ಬಳಸಿಕೊಂಡು ಊರಿನ ಜಾತಿ, ಜಗಳ, ಪ್ರೇಮ ಎಲ್ಲದರ ನಡುವೆ ಸುತ್ತಿಸುತ್ತಾರೆ. ಕೊನೆಗೆ ಕಾಡಿಗೇ ಬೆಂಕಿ ಬೀಳುತ್ತದೆ. ಯಾರು ಕೊಂದರು ಅನ್ನುವ ಪ್ರಶ್ನೆ ಆ ಬೆಂಕಿಯ ಮುಂದೆ ಪುಟ್ಟದಾಗಿಬಿಡುತ್ತದೆ. ಪತ್ತೇದಾರಿಯನ್ನೇ ಓದದವನಿಗೆ ಅಲ್ಲಿ ಏನು ಕೈತಪ್ಪಿತು ಅಂತ ಗೊತ್ತಾಗುವುದು ಹೇಗೆ?

ಆ ಸ್ಪರ್ಧೆಯ ಕತೆಗೂ ಇದೇ ಮಾತು. ಪತ್ತೇದಾರಿಯಲ್ಲಿ ಸುಳಿವು ಕೊಂದವನ ಕಡೆಗೆ ಬೆರಳು ತೋರಿಸುತ್ತದೆ. ಐದನೇ ಲೋಟ ತೋರಿಸುವುದು ಸತ್ತವನ ಕಡೆಗೆ. ಅವನು ಆ ಮನೆಯಲ್ಲಿ ಎಷ್ಟು ದಿನದಿಂದ, ಎಷ್ಟು ಹಕ್ಕಿನಿಂದ ಕೂರುತ್ತಿದ್ದ ಅನ್ನುವ ಕಡೆಗೆ. ಬರೆದವರು ಸುಳಿವನ್ನು ತಿರುಗಿಸಿ ಇಟ್ಟಿದ್ದಾರೆ. ಹತ್ತಾರು ಪತ್ತೇದಾರಿ ಓದಿದವರಾಗಿದ್ದರೆ ಆ ಹಿರಿಯರಿಗೆ ಅದು ಕಾಣುತ್ತಿತ್ತು. ಆಗ ಅವರು ಆ ಪುಟಕ್ಕೆ ಬೆರಳಿಟ್ಟು, "ಇಲ್ಲಿ ನೋಡಿ, ಲೋಟ ಐದು" ಅಂತ ಪಕ್ಕದಲ್ಲಿದ್ದವರಿಗೆ ತೋರಿಸುತ್ತಿದ್ದರು.